ನಮ್ಮನೆ ಕೆಲಸಕ್ಕೆ ನಾವೇ ಮೇಸ್ತ್ರಿ

ಶಿವರಾತ್ರಿ ಕಳೆದು ತುಮಕೂರಿನಲ್ಲಿ ಬಿಸಿಲು ಏರತೊಡಗಿದರೆ ಮನೆಮನೆಯಲ್ಲೂ ಒಂದೇ ದೂರು: ಫ್ಯಾನು ತಿರುಗುತ್ತಿದೆ, ಗಾಳಿ ಬರುತ್ತಿಲ್ಲ. ರೆಗ್ಯುಲೇಟರನ್ನು ಐದಕ್ಕೆ ಇಟ್ಟರೂ ರೆಕ್ಕೆಗಳು ಎರಡರಲ್ಲಿ ಇಟ್ಟಂತೆ ಓಡುತ್ತವೆ. ಇಂಥ ಕಡೆ ಬಹುತೇಕ ಮೋಟರ್ ಚೆನ್ನಾಗಿಯೇ ಇರುತ್ತದೆ. ಕೆಟ್ಟಿರುವುದು ಕೊಳವೆಯ ಬುಡದಲ್ಲಿ, ಬಟ್ಟಲಿನಾಕಾರದ ಮುಚ್ಚಳದೊಳಗೆ ಕೂತಿರುವ ಪುಟ್ಟ ಕೆಪಾಸಿಟರ್. ಸೀಲಿಂಗ್ ಫ್ಯಾನಿನ ಮೋಟರಿಗೆ ಎರಡು ವೈಂಡಿಂಗ್ ಇರುತ್ತವೆ. ಮನೆಗೆ ಬರುವ ಸಿಂಗಲ್ ಫೇಸ್ ಕರೆಂಟು ಎರಡರಲ್ಲೂ ಒಂದೇ ಹೊತ್ತಿಗೆ ಏರಿ ಇಳಿದರೆ ಮೋಟರ್ ಗುಂಯ್‌ಗುಡುತ್ತ ನಿಂತಲ್ಲೇ ನಿಲ್ಲುತ್ತದೆ. ಒಂದು ವೈಂಡಿಂಗಿನ ಕರೆಂಟನ್ನು ಇನ್ನೊಂದಕ್ಕಿಂತ ಚೂರು ಮುಂದಕ್ಕೆ ತಂದು ತಿರುಗುವ ಬಲ ಕೊಡುವುದು ಕೆಪಾಸಿಟರಿನ ಕೆಲಸ. ಅದರೊಳಗಿರುವುದು ಲೋಹ ಲೇಪಿಸಿದ ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯ ಸುರುಳಿ. ವೋಲ್ಟೇಜ್ ಹೆಚ್ಚುಕಮ್ಮಿಯಾದಾಗಲೆಲ್ಲ ಆ ಲೇಪ ಚುಕ್ಕಿ ಚುಕ್ಕಿಯಾಗಿ ಸುಟ್ಟು ಹೋಗುತ್ತದೆ. ಮೈಮೇಲೆ 2.5 ಮೈಕ್ರೊಫ್ಯಾರಡ್ ಎಂದು ಬರೆದಿದ್ದರೂ ವರ್ಷಗಳು ಕಳೆದಂತೆ ಅಷ್ಟು ಶಕ್ತಿ ಅದರಲ್ಲಿ ಉಳಿದಿರುವುದಿಲ್ಲ. ಹೊಸದು ನೂರು ರೂಪಾಯಿಯೊಳಗೆ ಸಿಗುತ್ತದೆ. ಮೇನ್ ಇಳಿಸಿ, ಸ್ಟೂಲು ಹತ್ತಿ, ಹಳೆಯದರ ತಂತಿ ಬಿಚ್ಚಿ ಹೊಸದಕ್ಕೆ ಸೇರಿಸಿ ಟೇಪು ಸುತ್ತಿದರೆ ಆಯಿತು. ಎಲೆಕ್ಟ್ರಿಷಿಯನ್ ಬಂದು ಹಾಕಿಕೊಟ್ಟಿದ್ದರೂ ಗಾಳಿ ಇಷ್ಟೇ ಬರುತ್ತಿತ್ತು. ಆದರೂ ತಾವೇ ಹಾಕಿಕೊಂಡವರ ಮುಖದಲ್ಲಿ ಬೇರೆಯದೇ ಕಳೆ ಇರುತ್ತದೆ. ಅದು ಎಲ್ಲಿಂದ ಬಂತು ಎಂಬ ಪ್ರಶ್ನೆ ಮೇಲುನೋಟಕ್ಕೆ ಕಾಣುವಷ್ಟು ಸಣ್ಣದಲ್ಲ.

ದುಡ್ಡು ಉಳಿಯಿತಲ್ಲ, ಅದಕ್ಕೆ ಸಂತೋಷ ಎನ್ನುವುದು ಎಲ್ಲರಿಗೂ ತಟ್ಟನೆ ಹೊಳೆಯುವ ಉತ್ತರ. ಲೆಕ್ಕ ಹಾಕಿದರೆ ಅದು ನಿಲ್ಲುವುದಿಲ್ಲ. ಗೋಡೆಗೆ ನಾಲ್ಕು ತೂತು ಕೊರೆಯಲೆಂದು ಡ್ರಿಲ್ ಮೆಷಿನ್ ಕೊಳ್ಳುವವರು ಅದೇ ದುಡ್ಡಿಗೆ ಬಡಗಿಯನ್ನು ಹಲವು ಸಲ ಕರೆಸಬಹುದಿತ್ತು. ನಲ್ಲಿಗೆ ವಾಷರ್ ಹಾಕಲು ಹೋದವರು ಸ್ಪ್ಯಾನರ್, ಟೆಫ್ಲಾನ್ ಟೇಪು, ಎಂ-ಸೀಲು ಎಂದು ಒಂದೊಂದಾಗಿ ತಂದು ಕೊನೆಗೆ ಪ್ಲಂಬರ್ ಕೂಲಿಗಿಂತ ಹೆಚ್ಚು ಖರ್ಚು ಮಾಡಿರುತ್ತಾರೆ. ಹಾಳಾದ ಸಾಮಾನು, ಹೋದ ಹೊತ್ತು ಎರಡನ್ನೂ ಸೇರಿಸಿದರೆ ಮನೆಯಲ್ಲಿ ಕೂತು ಮಾಡಿದ ಪುಸ್ತಕದ ಸ್ಟ್ಯಾಂಡು ಅಂಗಡಿಯದಕ್ಕಿಂತ ದುಬಾರಿ. ಇದು ಮಾಡುವವರಿಗೂ ಗೊತ್ತು. ಗೊತ್ತಿದ್ದೂ ಮಾಡುತ್ತಾರೆ.

ಇದಕ್ಕಿಂತ ಗಟ್ಟಿ ಸಾಕ್ಷಿ ಗುಬ್ಬಿ ಸೀಮೆಯ ಹಳ್ಳಿ ನಾಟಕಗಳಲ್ಲಿದೆ. ನಾಟಕಕ್ಕೂ ಮನೆ ರಿಪೇರಿಗೂ ಏನು ಸಂಬಂಧ ಎನ್ನಿಸಬಹುದು. ಸ್ವಂತವಾಗಿ ಮಾಡುವ ಆಸೆಗೆ ದುಡ್ಡಿನ ಹಂಗಿಲ್ಲ ಎಂಬುದು ಇಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿ ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ನಾಡಿನಾಚೆಗೂ ಹೆಸರಾಗಿ, ‘ಕುರುಕ್ಷೇತ್ರ’ದ ರಂಗಕ್ಕೆ ಜೀವಂತ ಆನೆ ಕುದುರೆಗಳನ್ನೇ ತಂದು ನಿಲ್ಲಿಸಿತು. ಅಂಥ ವೃತ್ತಿಪರರ ಆಟವನ್ನು ಟಿಕೆಟು ಕೊಂಡು ನೋಡಿದ ಜನ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಊರಲ್ಲಿ ತಾವೇ ಕುರುಕ್ಷೇತ್ರ ಕಟ್ಟಿದರು. ಸುಗ್ಗಿ ಮುಗಿದು ಜಾತ್ರೆಗಳ ಕಾಲ ಬಂತೆಂದರೆ ಗುಬ್ಬಿ, ಕುಣಿಗಲ್, ತುಮಕೂರು ಸುತ್ತಿನ ಹಳ್ಳಿಗಳಲ್ಲಿ ಇಂದಿಗೂ ರಾತ್ರಿಯಿಡೀ ನಾಟಕ. ಹಾರ್ಮೋನಿಯಂ ಮೇಷ್ಟ್ರ ಸಂಭಾವನೆ, ಸೀನರಿ ಮತ್ತು ಡ್ರೆಸ್ಸಿನ ಬಾಡಿಗೆ, ಮೈಕು, ಲೈಟು ಎಲ್ಲವೂ ಪಾತ್ರಧಾರಿಗಳ ಜೇಬಿನಿಂದಲೇ ಹೋಗುತ್ತದೆ. ದುರ್ಯೋಧನನೋ ಕೃಷ್ಣನೋ ಆಗಬೇಕೆಂದರೆ ಹೆಚ್ಚು ಕೊಡಬೇಕು, ಸಣ್ಣ ಪಾತ್ರಕ್ಕೆ ಕಡಿಮೆ ಸಾಕು. ಹಗಲೆಲ್ಲ ತೋಟದಲ್ಲಿ ದುಡಿದವರು ತಿಂಗಳುಗಟ್ಟಲೆ ರಾತ್ರಿ ತಾಲೀಮು ಮಾಡಿ, ಕೈಯಿಂದ ದುಡ್ಡು ಹಾಕಿ, ಒಂದೇ ಒಂದು ರಾತ್ರಿ ಕಿರೀಟ ತೊಡುತ್ತಾರೆ. ಟಿ.ವಿ.ಯಲ್ಲಿ ಇದಕ್ಕಿಂತ ಒಳ್ಳೆಯ ನಟರು ಪುಕ್ಕಟೆ ಸಿಗುವ ಕಾಲದಲ್ಲೂ ಇದು ನಿಂತಿಲ್ಲ. ನೋಡುವ ಸುಖ ಬೇರೆ, ಮಾಡುವ ಸುಖ ಬೇರೆ. ಎರಡನೆಯದಕ್ಕೆ ಜನ ಕೈಯಿಂದ ಬೆಲೆ ತೆರುತ್ತಾರೆ.

ತುಮಕೂರು ರಸ್ತೆಯ ನಾಗಸಂದ್ರದಲ್ಲಿ 2022ರಲ್ಲಿ ಬಾಗಿಲು ತೆರೆದ ಐಕಿಯಾ ಮಳಿಗೆಯಲ್ಲಿ ಮೇಜು ಕುರ್ಚಿಗಳು ಬಿಡಿಬಿಡಿಯಾಗಿ ಪೆಟ್ಟಿಗೆಯಲ್ಲಿ ಸಿಗುತ್ತವೆ. ಮನೆಗೆ ತಂದು ನಾವೇ ಜೋಡಿಸಿಕೊಳ್ಳಬೇಕು. ಈ ಕಂಪನಿಯ ಹೆಸರಿಟ್ಟೇ ಮೈಕೆಲ್ ನಾರ್ಟನ್ ಮತ್ತು ಸಂಗಡಿಗರು 2012ರಲ್ಲಿ ಒಂದು ಸಂಶೋಧನಾ ಪ್ರಬಂಧ ಪ್ರಕಟಿಸಿದರು. ಕಾಗದ ಮಡಚಿ ಕೊಕ್ಕರೆ, ಕಪ್ಪೆ ಮಾಡಲು ಹೊಸಬರಿಗೆ ಕೊಟ್ಟಾಗ, ತಮ್ಮ ಸೊಟ್ಟಪಟ್ಟ ಗೊಂಬೆಗೆ ಅವರು ನುರಿತವರ ಗೊಂಬೆಯ ಹತ್ತಿರಹತ್ತಿರದ ಬೆಲೆ ಕಟ್ಟಿದರು. ಬೇರೆಯವರ ಕಣ್ಣಿಗೆ ಅದು ಬೆಲೆಯಿಲ್ಲದ ಕಾಗದದ ಚೂರು. ಪ್ರಯೋಗದ ಇನ್ನೊಂದು ಭಾಗ ನನಗೆ ಹೆಚ್ಚು ಮುಖ್ಯವೆನಿಸುತ್ತದೆ: ಕೆಲಸವನ್ನು ಅರ್ಧಕ್ಕೇ ನಿಲ್ಲಿಸಿದವರಲ್ಲಿ ಈ ಮಮತೆ ಕಾಣಲಿಲ್ಲ. ಎಂದರೆ ಬೆವರು ಸುರಿಸಿದ್ದಕ್ಕೇ ಪ್ರೀತಿ ಹುಟ್ಟುವುದಿಲ್ಲ, ಕೆಲಸ ಮುಗಿಯಬೇಕು. ಆದರೆ ಈ ಪ್ರಯೋಗಗಳಲ್ಲಿ ಏನು ಮಾಡಬೇಕು, ಹೇಗೆ ಮಾಡಬೇಕು ಎಂಬುದನ್ನು ಇನ್ನೊಬ್ಬರು ಚೀಟಿಯಲ್ಲಿ ಬರೆದು ಕೊಟ್ಟಿದ್ದರು. ಮನೆಯ ಕೆಲಸದಲ್ಲಿ ಆ ಚೀಟಿಯೇ ಇರುವುದಿಲ್ಲ. ತೊಂದರೆ ಕಂಡವರು, ಏನು ಮಾಡಬೇಕೆಂದು ತೀರ್ಮಾನಿಸುವವರು, ಕೈ ಹಾಕುವವರು, ಆಮೇಲೆ ಅದರ ಜೊತೆ ಬಾಳುವವರು, ಈ ನಾಲ್ವರೂ ಒಬ್ಬರೇ. ಮನೆರಿಪೇರಿಯ ಸೆಳೆತ ಇರುವುದು ಇಲ್ಲಿ ಎಂದು ನಾನು ನಂಬಿದ್ದೇನೆ. ಈ ನಾಲ್ಕು ಕೊಂಡಿಗಳಲ್ಲಿ ಒಂದು ಕಳಚಿದರೂ ಸೆಳೆತ ಕುಗ್ಗುತ್ತದೆ. ಇದಕ್ಕೆ ಕುಣಿಗಲ್ ತಾಲ್ಲೂಕಿನ ಎರಡು ಹಳ್ಳಿಗಳಲ್ಲಿ ನಡೆದದ್ದು ಒಳ್ಳೆಯ ನಿದರ್ಶನ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ಘಟಕ ಶುರುವಾಯಿತು. ಹಳ್ಳಿಯ ಬದುಕಿಗೆ ವಿಜ್ಞಾನವನ್ನು ಹೊಂದಿಸುವುದು ಅದರ ಉದ್ದೇಶ. ಪ್ರಯೋಗಾಲಯದಲ್ಲಿ ಕೂತು ಹಳ್ಳಿಯನ್ನು ಊಹಿಸಿಕೊಳ್ಳುವ ಬದಲು ಅವರು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರ ತೆರೆದು, ಸುತ್ತಲ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, ಯಾರು ಎಷ್ಟು ಕಟ್ಟಿಗೆ ಉರಿಸುತ್ತಾರೆ, ನೀರು ಎಲ್ಲಿಂದ ಹೊರುತ್ತಾರೆ ಎಂದು ಲೆಕ್ಕ ಬರೆದುಕೊಂಡರು. ಪುರ ಎಂಬ ಹಳ್ಳಿಯಲ್ಲಿ 1977ರಲ್ಲಿ 56 ಮನೆ, 357 ಜನ. ವರ್ಷಕ್ಕೆ ಅಲ್ಲಿ ಉರಿಯುತ್ತಿದ್ದ ಸೌದೆ ಸುಮಾರು 217 ಟನ್, ಎಂದರೆ ತಲೆಗೆ 600 ಕಿಲೋ. ಹೆಚ್ಚುಕಡಿಮೆ ಎಲ್ಲವೂ ಆಯ್ದು ತಂದದ್ದು, ಕೊಂಡದ್ದು ತೀರಾ ಕಡಿಮೆ. ಸಾಂಪ್ರದಾಯಿಕ ಒಲೆಯಲ್ಲಿ ಆ ಬೆಂಕಿಯ ಹೆಚ್ಚಿನ ಪಾಲು ಪಾತ್ರೆಗೆ ತಾಗದೆ ಅಡುಗೆಮನೆಯ ಗಾಳಿಗೆ ಹೋಗುತ್ತಿತ್ತು.

ಈ ತಂಡದ ಕೆ.ಎಸ್. ಜಗದೀಶ್ ಮೊದಲಾದವರು ರೂಪಿಸಿದ ‘ಅಸ್ತ್ರ ಒಲೆ’ಯ ಹೆಸರು ಹಳಬರಿಗೆ ನೆನಪಿರಬಹುದು. ಮಣ್ಣು, ಇಟ್ಟಿಗೆಯ ಒಲೆ. ಮೂರು ಪಾತ್ರೆಗೆ ಮೂರು ಕಣ್ಣು, ಕೊನೆಗೊಂದು ಚಿಮಣಿ. ಸೌದೆ ನೆಲದ ಮೇಲೆ ಉರಿಯದೆ ಕಬ್ಬಿಣದ ಜಾಲರಿಯ ಮೇಲೆ ಉರಿಯುತ್ತದೆ. ಅಡಿಯಿಂದ ಗಾಳಿ ಎಳೆದುಕೊಳ್ಳುತ್ತದೆ. ಪಾತ್ರೆಯ ತಳಕ್ಕೂ ಒಲೆಯ ಗೋಡೆಗೂ ನಡುವೆ ಬಿಟ್ಟ ಕಿರಿದಾದ ಸಂದಿಯಲ್ಲಿ ಬಿಸಿ ಹೊಗೆ ನುಸುಳಿ, ಒಂದು ಕಣ್ಣಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ತನ್ನ ಶಾಖವನ್ನು ಬಿಟ್ಟುಕೊಟ್ಟಿರುತ್ತದೆ. ಪ್ರಯೋಗಾಲಯದಲ್ಲಿ ಇದು ಉರುವಲಿನ ಶೇ 40ರಷ್ಟು ಶಾಖವನ್ನು ಪಾತ್ರೆಗೆ ಮುಟ್ಟಿಸಿತು. ಹಳೆಯ ಒಲೆಯದು ಶೇ 10ರ ಆಸುಪಾಸು. ಇಲ್ಲಿ ಎಲ್ಲವೂ ಅಳತೆಯ ಆಟ. ಸೌದೆ ಸೀಳುವ ಶ್ರಮ ತಪ್ಪಲೆಂದು ಒಲೆಯ ಬಾಯಿಯನ್ನು ಅಗಲ ಮಾಡಿದರೆ ಬೇಡದ ತಣ್ಣನೆಯ ಗಾಳಿ ನುಗ್ಗಿ ಶಾಖ ಚಿಮಣಿಯಲ್ಲಿ ಹೋಗುತ್ತದೆ. ಜಾಲರಿ ಸುಟ್ಟು ಬಿದ್ದ ಮೇಲೆ ಹೊಸದು ಹಾಕದಿದ್ದರೆ ಅದು ಮತ್ತೆ ಹಳೆಯ ಒಲೆಯೇ.

ಒಲೆ ನಾಡಿನ ತುಂಬ ಹರಡಿತು. ಕೇಂದ್ರ ಸರ್ಕಾರವೂ 1980ರ ದಶಕದ ಮಧ್ಯದಿಂದ 2002ರವರೆಗೆ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ನಡೆಸಿ, ಬೇರೆ ಬೇರೆ ಮಾದರಿಯ ಮೂರೂವರೆ ಕೋಟಿಯಷ್ಟು ಒಲೆಗಳನ್ನು ಹಾಕಿಸಿತು. ಅವುಗಳಲ್ಲಿ ಎಷ್ಟೋ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿದವು. ಕಾರಣ ಹಲವು. ನನ್ನ ವಾದಕ್ಕೆ ಸಂಬಂಧಿಸಿದ್ದು ಒಂದು. ಗುರಿ ಮುಟ್ಟಲೆಂದು ಹೊರಗಿನವರು ಬಂದು ಕಟ್ಟಿ ಹೋದ ಒಲೆಯಲ್ಲಿ, ಜಾಲರಿ ಏಕಿದೆ, ಸಂದಿ ಏಕೆ ಇಷ್ಟೇ ಇದೆ ಎಂಬುದು ಅಡುಗೆ ಮಾಡುವವರಿಗೆ ತಿಳಿಯಲಿಲ್ಲ. ಬಿರುಕು ಬಿಟ್ಟಾಗ ಹಿಂದಿನಂತೆ ಮಣ್ಣು ಮೆತ್ತಿದರು, ಅಳತೆ ತಪ್ಪಿತು. ಹಳೆಯ ಮೂರುಗುಂಡಿನ ಒಲೆ ಕೆಟ್ಟದ್ದೇ ಇರಬಹುದು, ಆದರೆ ಅದರ ಒಳಹೊರಗು ಪ್ರತಿ ಹೆಂಗಸಿಗೂ ಗೊತ್ತಿತ್ತು. ಹೊಸ ಒಲೆ ಒಳ್ಳೆಯದು, ಅಡುಗೆಮನೆಯಲ್ಲಿ ಮಾತ್ರ ಅದು ನೆಂಟನಾಗಿಯೇ ಉಳಿಯಿತು. ‘ಮನೆಯಲ್ಲಿ ಕೈ ಹಾಕುವವರು ಅಳತೆ ಕೆಡಿಸುತ್ತಾರೆ, ಪರಿಣತರಿಗೇ ಬಿಡಿ’ ಎಂಬ ಆಕ್ಷೇಪಕ್ಕೂ ಇಲ್ಲೇ ಉತ್ತರವಿದೆ. ಕೈ ಹಾಕುವುದನ್ನು ತಡೆಯಲು ಆಗುವುದಿಲ್ಲ. ಒಲೆಗೆ ಸೆಗಣಿ ಮಣ್ಣು ಬಳಿಯದೆ ಯಾವ ಮನೆಯೂ ಇರದು. ಮಾಡಬಹುದಾದದ್ದು ಅಳತೆಯ ಹಿಂದಿನ ಕಾರಣವನ್ನು ಆ ಕೈಗಳಿಗೆ ಮುಟ್ಟಿಸುವುದು.

ಪುರದಲ್ಲಿ ನಡೆದ ಇನ್ನೊಂದು ಪ್ರಯೋಗ ನಾಲ್ಕು ಕೊಂಡಿಗಳ ಮಾತನ್ನು ಮತ್ತೂ ಚೆನ್ನಾಗಿ ತೋರಿಸುತ್ತದೆ. ಊರಿನ ಸೆಗಣಿಯನ್ನೆಲ್ಲ ಒಂದೆಡೆ ಸೇರಿಸಿ ಗೋಬರ್ ಗ್ಯಾಸ್ ಮಾಡಿ ಮನೆಮನೆಗೆ ಅಡುಗೆ ಅನಿಲ ಕೊಡುವುದು ಮೊದಲ ಯೋಜನೆ. ಸಿಕ್ಕ ಸೆಗಣಿಗೆ ಎರಡು ಹೊತ್ತಿನ ಅಡುಗೆಯ ಗ್ಯಾಸ್ ಬರಲಿಲ್ಲ, ಜನರ ಆಸಕ್ತಿ ಇಳಿಯಿತು. ಊರವರ ಮಾತನ್ನು ಕಿವಿಗೊಟ್ಟು ಕೇಳಿದಾಗ ಅವರ ಮೊದಲ ಚಿಂತೆ ಕುಡಿಯುವ ನೀರು ಎಂಬುದು ತಿಳಿಯಿತು. ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ ಕರೆಂಟು ಮಾಡಿ, 1987ರಿಂದ ಮನೆಗಳಿಗೆ ದೀಪವನ್ನೂ ಕೊಳವೆ ಬಾವಿಯಿಂದ ನಲ್ಲಿಗೆ ನೀರನ್ನೂ ಕೊಟ್ಟರು. ಗ್ಯಾಸ್ ತೆಗೆದ ಮೇಲೆ ಉಳಿದ ಬಗ್ಗಡ ಗೊಬ್ಬರವಾಗಿ, ಸೆಗಣಿ ತಂದವರ ಹೊಲಕ್ಕೇ ಹಿಂದಿರುಗಿತು. ಎಂಜಿನ್ ನೋಡಿಕೊಂಡವರು ಊರಿನ ಹುಡುಗರೇ. ವರ್ಷಗಟ್ಟಲೆ ಇದು ನಡೆಯಿತು. ಎರಡು ಯೋಜನೆಗಳಲ್ಲೂ ಸೆಗಣಿ ಅದೇ, ತೊಟ್ಟಿ ಅದೇ, ತಂತ್ರಜ್ಞರೂ ಅವರೇ. ಬದಲಾದದ್ದು ತೊಂದರೆ ಯಾವುದೆಂದು ಹೇಳುವ ಹಕ್ಕು ಯಾರದು ಎಂಬುದು ಮಾತ್ರ. ಯಂತ್ರದ ಹತ್ತಿರ ಹೋಗುವ ಮೊದಲೇ ಸ್ವಂತ ಕೆಲಸ ಶುರುವಾಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇದೇ ಜಿಲ್ಲೆಯ ಕಾರ್ಖಾನೆಗಳತ್ತ ತಿರುಗಿದರೆ ಈ ಕೊಂಡಿಗಳು ಬೇರ್ಪಟ್ಟಿರುವುದು ಕಾಣುತ್ತದೆ. 1978ರಲ್ಲಿ ತುಮಕೂರಿಗೆ ಬಂದ ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆ ಒಂದು ತಲೆಮಾರಿಗೆ ಅನ್ನ ಕೊಟ್ಟಿತು, ಊರಿಗೆ ಹೆಸರು ತಂದಿತು. 2016ರಲ್ಲಿ ಎಚ್‌ಎಂಟಿ ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ತೀರ್ಮಾನಿಸಿತು. ಜಾಗ ಇಸ್ರೊ ಕೈಸೇರಿತು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್‌ಎಎಲ್ ಕಟ್ಟಿದ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ನೂರಕ್ಕೂ ಹೆಚ್ಚು ಬಿಡಿಭಾಗಗಳ ಗಡಿಯಾರವಾಗಲಿ, ಸಾವಿರಾರು ಭಾಗಗಳ ಹೆಲಿಕಾಪ್ಟರಾಗಲಿ, ಕೆಲಸ ಹಂಚಿಕೊಳ್ಳದೆ ಆಗುವುದಿಲ್ಲ. ಒಬ್ಬರು ಹಲ್ಲು ಕೊರೆದರೆ ಇನ್ನೊಬ್ಬರು ಜೋಡಿಸಬೇಕು, ಮತ್ತೊಬ್ಬರು ಪರೀಕ್ಷಿಸಬೇಕು. ಇದರಲ್ಲಿ ತಪ್ಪೇನೂ ಇಲ್ಲ. ಅಲ್ಲಿನ ಶಿಸ್ತಿಗೆ, ಕೌಶಲಕ್ಕೆ ಗೌರವ ಸಲ್ಲಲೇಬೇಕು. ಆದರೆ ಏನು ಮಾಡಬೇಕೆಂದು ಅಲ್ಲಿ ಕೆಲಸಗಾರರು ತೀರ್ಮಾನಿಸುವುದಿಲ್ಲ, ಮಾಡಿದ್ದನ್ನು ಅವರು ಬಳಸುವುದೂ ಇಲ್ಲ. ಬ್ಯಾಂಕು, ಕಚೇರಿ, ಸಾಫ್ಟ್‌ವೇರ್ ಕಂಪನಿಗಳಲ್ಲಿ ಈ ಕಳಚುವಿಕೆ ಇನ್ನೂ ಹೆಚ್ಚು. ತುಮಕೂರಿನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ಬರುವವರಲ್ಲಿ ಎಷ್ಟೋ ಜನರಿಗೆ ದಿನದ ಕೊನೆಗೆ ಇದು ನಾನು ಮಾಡಿದ್ದು ಎಂದು ಬೆರಳಿಟ್ಟು ತೋರಿಸಲು ಏನೂ ಇರುವುದಿಲ್ಲ. ಅಂಥವರೇ ರಜೆಯ ದಿನ ಬಾಲ್ಕನಿಯಲ್ಲಿ ಹನಿ ನೀರಾವರಿ ಪೈಪು ಎಳೆಯುತ್ತಾರೆ, ಹಳೆಯ ಕುರ್ಚಿಗೆ ಎಮರಿ ಪೇಪರ್ ಉಜ್ಜುತ್ತಾರೆ. ಸೋಮವಾರದಿಂದ ಶನಿವಾರದವರೆಗೆ ಸಿಗದ ಆ ನಾಲ್ಕು ಕೊಂಡಿಗಳ ಸರಪಳಿ ಅವರಿಗೆ ಮನೆಯಲ್ಲಿ ಸಿಗುತ್ತದೆ.

ಅರ್ಥಶಾಸ್ತ್ರ ಬಲ್ಲವರು ಇಲ್ಲೊಂದು ಮಾತು ಎತ್ತುತ್ತಾರೆ. ಅವರವರ ಕಸುಬು ಅವರವರು ಮಾಡಿದರೆ ಎಲ್ಲರಿಗೂ ಲಾಭ. ಲೆಕ್ಕ ಬರೆಯುವವರು ನಲ್ಲಿ ಬಿಚ್ಚಿದರೆ ಲೆಕ್ಕವೂ ಕೆಟ್ಟಿತು, ನಲ್ಲಿಯೂ ಕೆಟ್ಟಿತು, ಪ್ಲಂಬರಿನ ಕೂಲಿಯೂ ಹೋಯಿತು. ಶ್ರಮ ವಿಭಜನೆಯ ಈ ವಾದಕ್ಕೆ ಮೂಲಪುರುಷ ಆ್ಯಡಂ ಸ್ಮಿತ್. ಗುಂಡುಸೂಜಿ ಕಾರ್ಖಾನೆಯಲ್ಲಿ ಕೆಲಸ ಹಂಚಿಕೊಂಡ ಹತ್ತು ಜನ ದಿನಕ್ಕೆ 48,000 ಸೂಜಿ ಮಾಡಬಲ್ಲರೆಂದು 1776ರಲ್ಲಿ ಬರೆದವರು ಅವರೇ. ಆದರೆ ಅದೇ ಗ್ರಂಥದ ಮುಂದಿನ ಭಾಗದಲ್ಲಿ ಅವರೇ ಒಂದು ಎಚ್ಚರಿಕೆಯನ್ನೂ ಕೊಟ್ಟಿದ್ದಾರೆ. ಜೀವನಪೂರ್ತಿ ಒಂದೆರಡು ಸರಳ ಕ್ರಿಯೆಗಳಲ್ಲೇ ಕಳೆಯುವ ಮನುಷ್ಯನಿಗೆ ಅಡಚಣೆ ಎದುರಾಗುವುದೇ ಇಲ್ಲ, ಹಾಗಾಗಿ ಬುದ್ಧಿ ಓಡಿಸುವ ಅಭ್ಯಾಸವೇ ತಪ್ಪಿಹೋಗುತ್ತದೆ ಎಂಬುದು ಅವರ ಆತಂಕ. ಮೊದಲ ಮಾತನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದೇವೆ, ಎರಡನೆಯದನ್ನು ಮರೆತಿದ್ದೇವೆ. ಇನ್ನು ಪ್ಲಂಬರಿನ ಕೂಲಿಯ ಮಾತು. ಒಮ್ಮೆಯಾದರೂ ತಾವೇ ಪೈಪಿನ ಥ್ರೆಡ್ಡಿಗೆ ಟೇಪು ಸುತ್ತಿ, ಅದು ಸೋರಿ, ಮತ್ತೆ ಬಿಚ್ಚಿ ಸುತ್ತಿದವರಿಗೆ ಕೆಲಸಗಾರನ ಕೈಚಳಕ ಎಷ್ಟು ದೊಡ್ಡದೆಂದು ಗೊತ್ತಾಗುತ್ತದೆ. ‘ಐದು ನಿಮಿಷದ ಕೆಲಸಕ್ಕೆ ಇಷ್ಟೊಂದಾ’ ಎಂದು ಚೌಕಾಸಿ ಮಾಡುವವರು ಸ್ಪ್ಯಾನರ್ ಹಿಡಿದೇ ಇಲ್ಲದವರು.

ಇದಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಕೈಕೆಲಸ ನಮ್ಮಲ್ಲಿ ಎಂದೂ ಬರೀ ಹವ್ಯಾಸವಾಗಿರಲಿಲ್ಲ. ಕುಲುಮೆ, ಬಾಚಿ, ಉಳಿ, ತಿಗರಿಗಳನ್ನು ಜಾತಿಗೊಂದರಂತೆ ಹಂಚಿ, ಮುಟ್ಟಿದವರನ್ನು ಕೀಳಾಗಿ ಕಂಡ ಸಮಾಜ ಇದು. ಅಂಥಲ್ಲಿ ಓದಿದವರು ರಜೆಯ ದಿನ ಸುತ್ತಿಗೆ ಹಿಡಿದು ಹಿಗ್ಗುವುದು ಉಳ್ಳವರ ಶೋಕಿ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಯಲ್ಲಿ ನೋವಿನ ಸತ್ಯವಿದೆ. ಮನೆಯೊಳಗೂ ಇದೇ ಭೇದ. ಗಂಡಸು ಭಾನುವಾರ ಶೆಲ್ಫು ಮಾಡಿದರೆ ಕಲೆ. ಹೆಂಗಸು ಹಳೆಯ ಸೀರೆ ಪದರ ಸೇರಿಸಿ ಕೌದಿ ಹೊಲಿದರೆ, ರವಿಕೆ ಹಿಗ್ಗಿಸಿದರೆ, ಅದು ಕೆಲಸದ ಲೆಕ್ಕಕ್ಕೂ ಇಲ್ಲ. ತುಮಕೂರು ಹುಣಸೆಹಣ್ಣಿನ ದೊಡ್ಡ ಮಾರುಕಟ್ಟೆ. ಆ ಹಣ್ಣು ಕುಟ್ಟಿ ಬೀಜ ಬಿಡಿಸುವವರು ಬಹುಪಾಲು ಹೆಣ್ಣುಮಕ್ಕಳು. ಅದೂ ಕೈಕೆಲಸವೇ, ಅದರಲ್ಲಿ ಯಾವ ಸೆಳೆತವೂ ಇಲ್ಲ, ಸೊಂಟನೋವಿದೆ. ನನ್ನ ವಾದ ಈ ಭೇದವನ್ನು ಮುಚ್ಚಿಡುವುದಿಲ್ಲ, ಅದರ ಕಾರಣವನ್ನು ಹೇಳುತ್ತದೆ. ಕೈಯನ್ನು ಬಳಸಿದ ಮಾತ್ರಕ್ಕೆ ಸುಖ ಬರುವುದಿಲ್ಲ. ಏನು, ಹೇಗೆ, ಎಷ್ಟು ಎಂದು ತೀರ್ಮಾನಿಸುವ ಹಕ್ಕು ಕೈಯ ಜೊತೆಗಿದ್ದಾಗ ಮಾತ್ರ ಬರುತ್ತದೆ. ಜಾತಿ ಮಾಡಿದ್ದು ಆ ಹಕ್ಕನ್ನು ಕಿತ್ತುಕೊಂಡು ಬೆವರನ್ನಷ್ಟೇ ಉಳಿಸಿದ್ದು. ಹನ್ನೆರಡನೆಯ ಶತಮಾನದ ಶರಣರು ಕಾಯಕಕ್ಕೆ ಕೊಟ್ಟ ಘನತೆಯ ಪರಂಪರೆ ಕುಣಿಗಲ್ಲಿನ ಎಡೆಯೂರು, ತುಮಕೂರಿನ ಸಿದ್ಧಗಂಗೆಗಳಲ್ಲಿ ಹರಿದುಬಂದಿದೆ. ಆ ನೆಲದಲ್ಲೂ ಮಗ ಉಪಕರಣ ಹಿಡಿದರೆ ಓದು ಹತ್ತಲಿಲ್ಲವೇನೋ ಎಂದು ಕಳವಳಪಡುವ ತಂದೆತಾಯಿ ಇದ್ದಾರೆ. ಮನೆಯ ಎಲ್ಲರೂ, ಗಂಡು ಹೆಣ್ಣೆನ್ನದೆ, ಉಪಕರಣ ಮುಟ್ಟತೊಡಗಿದರೆ ಈ ಕಳವಳ ಸ್ವಲ್ಪವಾದರೂ ಸಡಿಲವಾದೀತು.

ಹುಣಸೆಯ ಮಾತು ಬಂದದ್ದರಿಂದ ಧಾರವಾಡ ಜಿಲ್ಲೆ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ್ ಅವರನ್ನು ನೆನೆಯಬೇಕು. ಬೆಳಗ್ಗೆ ಬೇಗ ಏಳಲಾಗದ ಹುಡುಗ ಅಲಾರಂ ಗಡಿಯಾರದ ಕೀಲಿಗೆ ದಾರ ಕಟ್ಟಿ, ಅಲಾರಂ ಬಾರಿಸುವಾಗ ಕೀಲಿ ತಿರುಗಿ ದಾರ ಎಳೆದು, ನೀರಿನ ಬಾಟಲಿ ಮುಖದ ಮೇಲೆ ಮಗುಚುವಂತೆ ಮಾಡಿಕೊಂಡದ್ದು ಅವರ ಮೊದಲ ಉಪಕರಣ. ಮುಂದೆ ಹುಣಸೆ ತೋಪು ಬೆಳೆಸಿದಾಗ ಬೀಜ ಬಿಡಿಸುವ ಕಷ್ಟ ಅವರದೇ ಕಷ್ಟವಾಯಿತು, ಅದಕ್ಕೊಂದು ಯಂತ್ರ ಹುಟ್ಟಿತು. ಆಮೇಲೆ ಎತ್ತಿನ ಬಿತ್ತನೆ ಕೂರಿಗೆ ಮೊದಲಾದವು ಬಂದವು. 2022ರಲ್ಲಿ ಪದ್ಮಶ್ರೀ ಬಂತು. ಇದನ್ನು ಬಡವನ ಜಾಣತನ ಎಂದು ಹೊಗಳಿ ಮುಗಿಸುವುದು ಅನ್ಯಾಯ. ತನ್ನದೇ ತೊಂದರೆಯನ್ನು ತಾನೇ ಅಳೆದು, ತಪ್ಪಿದಲ್ಲಿ ಮತ್ತೆ ಮಾಡುವ ಈ ವಿಧಾನ ಪ್ರಯೋಗಾಲಯದ ವಿಜ್ಞಾನಕ್ಕಿಂತ ಬೇರೆಯದಲ್ಲ.

ಅಪಾಯದ ಮಾತನ್ನು ನೇರವಾಗಿ ಹೇಳಿಬಿಡುತ್ತೇನೆ. ಎಲ್ಲದಕ್ಕೂ ಕೈ ಹಾಕಬಾರದು. ತೋಟದ ಪಂಪ್‌ಸೆಟ್ಟಿಗೆ ಕರೆಂಟು ಬಾರದಾಗ ಟ್ರಾನ್ಸ್‌ಫಾರ್ಮರ್ ಫ್ಯೂಸು ಹಾಕಲು ಹೋಗಿ ಸತ್ತ ರೈತರ ಸುದ್ದಿ ನಮ್ಮ ಪತ್ರಿಕೆಗಳಿಗೆ ಹೊಸದಲ್ಲ. ಗ್ಯಾಸ್ ರೆಗ್ಯುಲೇಟರ್, ಮೈಕ್ರೊವೇವ್ ಓವನ್, ಮೀಟರಿನಿಂದಾಚೆಯ ತಂತಿ ಇವು ಕಸುಬುದಾರರಿಗೆ ಮೀಸಲು. ಹಳೆಯ ಮನೆಗಳ ವೈರಿಂಗಿನಲ್ಲಿ ಸ್ವಿಚ್ಚನ್ನು ನ್ಯೂಟ್ರಲ್ ತಂತಿಗೆ ಕೊಟ್ಟಿರುವುದುಂಟು. ಅಲ್ಲಿ ಸ್ವಿಚ್ ಆರಿಸಿದರೂ ಫ್ಯಾನಿನ ತಂತಿಯಲ್ಲಿ ಕರೆಂಟು ಇರುತ್ತದೆ. ಆದ್ದರಿಂದಲೇ ಮೇನ್ ಇಳಿಸಿ, ಟೆಸ್ಟರ್ ಇಟ್ಟು ನೋಡಿ ಆಮೇಲೆ ಮುಟ್ಟಬೇಕು. 30 ಮಿಲಿಆಂಪಿಯರ್ ಸೋರಿಕೆಗೇ ಕಡಿತಗೊಳ್ಳುವ ಆರ್‌ಸಿಸಿಬಿ ಇಲ್ಲದ ಮನೆಯಲ್ಲಿ ಮೊದಲ ರಿಪೇರಿ ಎಂದರೆ ಎಲೆಕ್ಟ್ರಿಷಿಯನ್ ಕರೆಸಿ ಅದನ್ನು ಹಾಕಿಸುವುದು. ಆದರೆ ಈ ಅಪಾಯವೇ ಅಜ್ಞಾನದ ಪರವಾದ ವಾದವಾಗಲಾರದು. ನ್ಯೂಟ್ರಲ್ ಏನೆಂದು ತಿಳಿದವರು ತಂತಿಯ ಹತ್ತಿರ ಹೆಚ್ಚು ಹುಷಾರಾಗಿರುತ್ತಾರೆ. ಶಾಕ್ ಹೊಡೆಯುವ ಗೀಸರನ್ನು ವರ್ಷಗಟ್ಟಲೆ ಹಾಗೇ ಬಳಸುವವರು ಒಳಗೇನಿದೆ ಎಂದು ನೋಡದವರು.

ನೋಡಲು ಬಿಡುತ್ತಾರೆಯೇ ಎಂಬುದೇ ಈಗಿನ ದೊಡ್ಡ ಪ್ರಶ್ನೆ. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ರೇಡಿಯೊಗಳಿಗೆ ಹಿಂದೆ ನಾಲ್ಕು ಸ್ಕ್ರೂ ಇರುತ್ತಿದ್ದವು. ಈಗಿನ ಮೊಬೈಲನ್ನು ಅಂಟು ಹಾಕಿ ಮುಚ್ಚಿರುತ್ತಾರೆ, ಸ್ಕ್ರೂ ಇದ್ದರೂ ಅದರ ತಲೆಗೆ ಹೊಂದುವ ಡ್ರೈವರ್ ಊರಿನಲ್ಲಿ ಸಿಗುವುದಿಲ್ಲ. ಎಲ್‌ಇಡಿ ಬಲ್ಬಿನ ಬಿಳಿ ಟೋಪಿ ತೆಗೆದು ನೋಡಿ. ಸಣ್ಣ ಹಳದಿ ಚೌಕಗಳ ಸಾಲಿನಲ್ಲಿ ಒಂದರ ನಡುವೆ ಸಾಸಿವೆಯಷ್ಟು ಕಪ್ಪು ಚುಕ್ಕಿ ಕಾಣುತ್ತದೆ. ಎಲ್ಲವೂ ಒಂದೇ ಸರಣಿಯಲ್ಲಿ ಇರುವುದರಿಂದ ಆ ಒಂದು ಸುಟ್ಟರೆ ಇಡೀ ಬಲ್ಬು ಕತ್ತಲು. ಉಳಿದ ಚೌಕಗಳು, ಡ್ರೈವರ್, ಅಲ್ಯೂಮಿನಿಯಂ ಎಲ್ಲವೂ ಚೆನ್ನಾಗಿದ್ದೂ ಕಸದ ಬುಟ್ಟಿಗೆ. ವಾರಂಟಿ ಹೋಗುತ್ತದೆ ಎಂಬ ಹೆದರಿಕೆ, ಬಿಡಿಭಾಗ ಮಾರದ ಕಂಪನಿ, ಸರ್ಕೀಟಿನ ನಕ್ಷೆ ಕೊಡದ ಕೈಪಿಡಿ ಎಲ್ಲ ಸೇರಿ ಕೊಂಡ ವಸ್ತುವಿನ ಮೇಲೆ ಕೊಂಡವರಿಗೆ ಹಕ್ಕಿಲ್ಲದಂತೆ ಮಾಡಿವೆ. ಇದನ್ನು ಸರ್ಕಾರಗಳೂ ಗಮನಿಸಿವೆ. ಫ್ರಾನ್ಸ್ 2021ರಿಂದ ಕೆಲವು ವಸ್ತುಗಳ ಮೇಲೆ ಅವನ್ನು ಎಷ್ಟು ಸುಲಭವಾಗಿ ರಿಪೇರಿ ಮಾಡಬಹುದೆಂಬ ಅಂಕ ಮುದ್ರಿಸಲು ಕಡ್ಡಾಯ ಮಾಡಿತು. ನಮ್ಮಲ್ಲೂ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಕೃಷಿ ಯಂತ್ರ, ಮೊಬೈಲ್, ಗೃಹೋಪಯೋಗಿ ಉಪಕರಣ, ವಾಹನಗಳನ್ನು ಮುಂದಿಟ್ಟುಕೊಂಡು ರಿಪೇರಿ ಹಕ್ಕಿಗಾಗಿ ಸಮಿತಿ ರಚಿಸಿ, ಅದೇ ಡಿಸೆಂಬರಿನಲ್ಲಿ ಪೋರ್ಟಲ್ ತೆರೆಯಿತು. ಒಳ್ಳೆಯ ಆರಂಭ. ಆದರೆ ಪೋರ್ಟಲಿನಲ್ಲಿ ಸಹಾಯವಾಣಿ ನಂಬರು ಸಿಕ್ಕರೆ ಸಾಲದು. ಕುಣಿಗಲ್ಲಿನ ಅಂಗಡಿಯಲ್ಲಿ ಬಿಡಿಭಾಗ ಸಿಗಬೇಕು.

ಅದಕ್ಕೂ ಕಾಯದೆ ಇಲ್ಲೇ ಮಾಡಬಹುದಾದದ್ದಿದೆ. ಶಾಲೆಗಳಿಗೆ ಕೇಂದ್ರ ಕೊಟ್ಟ ಅಟಲ್ ಟಿಂಕರಿಂಗ್ ಲ್ಯಾಬ್‌ಗಳಲ್ಲಿ ಮಕ್ಕಳಿಗೆ ಉಪಕರಣಗಳಿವೆ, ಆ ಮಕ್ಕಳ ಅಪ್ಪ ಅಮ್ಮಂದಿರಿಗೆ ಅಂಥ ಜಾಗ ಇಲ್ಲ. ತುಮಕೂರಿನಲ್ಲಿ 1963ರಿಂದ ಎಂಜಿನಿಯರಿಂಗ್ ಕಾಲೇಜಿದೆ, ಜಿಲ್ಲೆಯಲ್ಲಿ ಐಟಿಐಗಳಿವೆ. ಪ್ರತಿಯೊಂದರಲ್ಲೂ ಲೇತು, ವೈಸು, ಬಡಗಿ ಮೇಜು ಇರುವ ವರ್ಕ್‌ಶಾಪು ಭಾನುವಾರ ಬೀಗ ಹಾಕಿಕೊಂಡು ಇರುತ್ತದೆ. 2009ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಶುರುವಾಗಿ 2015ರಲ್ಲಿ ಬೆಂಗಳೂರಿಗೂ ಬಂದ ರಿಪೇರಿ ಕೆಫೆಯಲ್ಲಿ ಜನ ಕೆಟ್ಟ ಸಾಮಾನು ತಂದು, ಬಲ್ಲವರ ಪಕ್ಕ ಕೂತು ತಾವೇ ಸರಿಮಾಡಿಕೊಳ್ಳುತ್ತಾರೆ. ಸಿದ್ಧಗಂಗೆಯ ಜಾತ್ರೆಯ ಜೊತೆಗೆ ಪ್ರತಿವರ್ಷ ನಡೆಯುವ ಕೃಷಿ ಮತ್ತು ಕೈಗಾರಿಕಾ ವಸ್ತುಪ್ರದರ್ಶನದಲ್ಲಿ ಅಂಥದ್ದೊಂದು ಮಳಿಗೆ ಹಾಕಿದರೆ ಜನ ಬರದೇ ಇರಲಾರರು. ನಮ್ಮ ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳು ಪುಸ್ತಕ ಎರವಲು ಕೊಡುತ್ತವೆ. ಅದೇ ರಿಜಿಸ್ಟರಿನಲ್ಲಿ ಡ್ರಿಲ್ ಮೆಷಿನ್, ಪೈಪ್ ರೆಂಚು, ಮಲ್ಟಿಮೀಟರ್‌ಗಳನ್ನೂ ಬರೆದು ಕೊಡಬಹುದು. ವರ್ಷಕ್ಕೆ ಎರಡು ಸಲ ಬೇಕಾಗುವ ಡ್ರಿಲ್ಲನ್ನು ಮನೆಗೊಂದರಂತೆ ಕೊಳ್ಳುವುದು ತಪ್ಪುತ್ತದೆ. ಕಳೆದುಹೋದರೆ, ಮುರಿದರೆ ಎಂಬ ಅನುಮಾನ ಸಹಜ. ಪುಸ್ತಕಕ್ಕೆ ಇಟ್ಟಂತೆ ಇದಕ್ಕೂ ಠೇವಣಿ ಇಟ್ಟರಾಯಿತು. ಮುರಿದದ್ದನ್ನು ಅಲ್ಲೇ ಬಿಚ್ಚಿ, ಕಾರ್ಬನ್ ಬ್ರಷ್ ಬದಲಾಯಿಸಿ, ಮತ್ತೆ ಕಪಾಟಿನಲ್ಲಿಡುವುದನ್ನು ಕಲಿಯಲು ಬರುವ ಹುಡುಗ ಹುಡುಗಿಯರೂ ಆ ಊರಿನಲ್ಲೇ ಇದ್ದಾರೆ.